ತುಪ್ಪದ ಡಬ್ಬದಲ್ಲಿ ಸುಟ್ಟ ಡಿಸ್ಚಾರ್ಜ್ ಬುಕ್

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ವಶಪಡಿಸಿಕೊಂಡಿತು. ಅಲ್ಲಿನ ಸಾಲ್ಮಿಯಾದ ಒಂದು ಫ್ಲಾಟಿನಲ್ಲಿ ಶುರುವಾಗಿದ್ದ ನಮ್ಮ ಕಡೆಯ ಮಾಜಿ ಸೈನಿಕರ ಸಂಘಕ್ಕೆ ಆಗ ಆರು ತಿಂಗಳೂ ತುಂಬಿರಲಿಲ್ಲ.

ನಾನು ಸೈನಿಕನಲ್ಲ, ಶುವೈಖ್‌ನ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಟೈಪಿಸ್ಟ್. ಸಂಘಕ್ಕೆ ಅರ್ಜಿ, ನಡಾವಳಿ ಬರೆಯುವವರು ಬೇಕಿತ್ತು. ಕರೆದರು, ಹೋದೆ. ಅಧ್ಯಕ್ಷರು ಸುಬೇದಾರರಾಗಿ ನಿವೃತ್ತರಾದ ತುಳುವರು. ಒಂದು ಹೋಟೆಲಿನ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದರು. ಸಭೆ ಅವರ ಮನೆಯ ಹಾಲಿನಲ್ಲೇ. ಅಲ್ಲಿ ಜಾಗ ದರ್ಜೆಯ ಪ್ರಕಾರ: ಸೋಫಾದಲ್ಲಿ ಸುಬೇದಾರರು, ಮಡಚುವ ಕುರ್ಚಿಯಲ್ಲಿ ಹವಾಲ್ದಾರರು, ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಸ್ಟೂಲಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿ ಡ್ರೈವರು. ಅವರು ಸೇನೆಯಲ್ಲಿ ಹತ್ತು ವರ್ಷ ಲಾರಿ ಓಡಿಸಿ, ಪಿಂಚಣಿಯಿಲ್ಲದೆ ಹೊರಬಂದು, ಇಲ್ಲಿ ಸ್ಪೇರ್‌ಪಾರ್ಟ್ಸ್ ಗೋದಾಮಿನ ಲಾರಿ ಓಡಿಸುತ್ತಿದ್ದರು.

"ರಿಟೈರ್ ಆದ ಮೇಲೂ ಸೀನಿಯಾರಿಟಿ ಉಂಟು ರೈಟ್ರೇ," ಎಂದು ಅವರು ನನಗೆ ಮೊದಲ ದಿನವೇ ಹೇಳಿದರು. "ನಿಮಗೆ ಸ್ಟೂಲೂ ಇಲ್ಲ ನೋಡಿ. ನೀವು ಸಿವಿಲಿಯನ್."

ಮೊದಲ ತಿಂಗಳುಗಳ ಕೆಲಸ ಸಣ್ಣದು. ಆಸ್ಪತ್ರೆಯಲ್ಲಿದ್ದವರಿಗೆ ರಕ್ತ ಕೊಡುವುದು, ಹೊಸಬರ ವಾಸದ ಪರವಾನಗಿಗೆ ಇಕಾಮಾ ಫಾರ್ಮ್ ತುಂಬಿಸುವುದು, ಊರಿಗೆ ಶವ ಕಳಿಸುವಾಗ ವಿಮಾನ ನಿಲ್ದಾಣದ ತನಕ ಜೊತೆಗೆ ಹೋಗುವುದು.

ಆಗಸ್ಟಿನಲ್ಲಿ ಅದು ದೊಡ್ಡದಾಯಿತು. ಡ್ರೈವರ ಕಫೀಲ್, ಅಂದರೆ ವೀಸಾ ಕೊಟ್ಟಿದ್ದ ಗೋದಾಮಿನ ಮಾಲೀಕ, ಸೌದಿಗೆ ಹೋಗಿಬಿಟ್ಟಿದ್ದ, ಲಾರಿಯ ಕೀ ಇವರ ಕೈಯಲ್ಲೇ ಉಳಿದಿತ್ತು. ಆ ಲಾರಿಯಲ್ಲಿ ಹವಲ್ಲಿಯ ಮನೆಮನೆಗೆ ನೀರಿನ ಡ್ರಮ್ ಹೋಯಿತು. ಬೇಕರಿಯ ಮುಂದೆ ಜಗಳವಾಗದಂತೆ ಕ್ಯೂ ನಿಲ್ಲಿಸುವುದೂ ಇವರೇ. "ಸೀದಾ ನಿಲ್ಲಿ ಮಾರಾಯ್ರೆ. ಕೊಡುವುದು ಖುಬ್ಬೂಸ್, ಮೆಡಲ್ ಅಲ್ಲ." ಮಕ್ಕಳಿರುವ ಮನೆಯವರನ್ನು ಮುಂದೆ ಬಿಡುತ್ತಿದ್ದರು. ಸೋಫಾದವರೂ ಅವರ ಮಾತು ಕೇಳಿ ಕ್ಯೂನಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ.

ಆ ತಿಂಗಳ ಕೊನೆಯಲ್ಲಿ ನಮ್ಮ ಸದಸ್ಯರೊಬ್ಬರ ಪರ್ಸಿನಲ್ಲಿ ಸಮವಸ್ತ್ರದ ಫೋಟೊ ಸಿಕ್ಕಿತು. ಇರಾಕಿ ಚೆಕ್‌ಪೋಸ್ಟಿನವರು ಅವರನ್ನು ಕುವೈತ್ ಸೇನೆಯವನೆಂದು ಎರಡು ದಿನ ಹಿಡಿದಿಟ್ಟು, ಹೊಡೆದು ಬಿಟ್ಟರು. ಮರುದಿನ ಮಧ್ಯಾಹ್ನ ಅಧ್ಯಕ್ಷರು ಎಲ್ಲರನ್ನೂ ತಮ್ಮ ಕಟ್ಟಡದ ತಾರಸಿಗೆ ಕರೆಸಿದರು. ಸೇನೆಯ ಕಾಗದ ಯಾರ ಹತ್ತಿರ ಏನಿದ್ದರೂ ತರಬೇಕು, ಸುಡಬೇಕು.

ಡ್ರೈವರು ಡಿಸ್ಚಾರ್ಜ್ ಬುಕ್ ತಂದಿದ್ದರು. ಸೇನೆ ಬಿಡುವಾಗ ಕೊಡುವ, ಫೋಟೊ, ನಂಬರು, ಸೇವೆಯ ವಿವರ ಇರುವ ಸಣ್ಣ ಪುಸ್ತಕ ಅದು. ಪಿಂಚಣಿ ಇಲ್ಲದವರಿಗೆ ಅದೊಂದೇ ಆಧಾರ.

"ಸಾಬ್, ಇದು ಹೋದರೆ ನಾನು ಸೇನೆಯಲ್ಲಿ ಇದ್ದೆ ಅಂತ ಹೇಳುವುದು ಯಾರು?"

"ನಾನಿದ್ದೇನಲ್ಲ ಬ್ಯಾರಿಗಳೇ. ಹಾಕಿ."

"ಆರ್ಡರಾ ಸಾಬ್?"

"ಆರ್ಡರ್."

ಖಾಲಿ ತುಪ್ಪದ ಡಬ್ಬದಲ್ಲಿ ಬೆಂಕಿ ಇತ್ತು. ಅವರು ಹಾಕಿದರು. ನಾನು ನಡಾವಳಿ ಪುಸ್ತಕದಲ್ಲಿ "ಅಧ್ಯಕ್ಷರ ಆದೇಶದಂತೆ ಸೇನಾ ದಾಖಲೆಗಳನ್ನು ಸುಡಲಾಯಿತು" ಎಂದು ಬರೆದೆ. ಅಧ್ಯಕ್ಷರು ಅದನ್ನು ಓದಿ, ಇದರಲ್ಲೂ ಎಲ್ಲರ ದರ್ಜೆ, ರೆಜಿಮೆಂಟು ಇದೆಯಲ್ಲ ಎಂದರು. ಆ ಪುಸ್ತಕವೂ ಡಬ್ಬಕ್ಕೆ ಹೋಯಿತು. ಅಧ್ಯಕ್ಷರ ಸ್ವಂತ ಬುಕ್ ಊರಿನ ಬ್ಯಾಂಕಿನ ಲಾಕರಿನಲ್ಲಿತ್ತು. ಅದು ನಮಗೆ ತಿಳಿದದ್ದು ಮರುವರ್ಷ.

ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ಹೆಂಡತಿ ಮಕ್ಕಳೊಂದಿಗೆ ಊರಿಗೆ ಹೊರಟರು. ತಪ್ಪಲ್ಲ, ಮಕ್ಕಳಿದ್ದವರು ಹೊರಡಲೇಬೇಕಿತ್ತು. ಹೋಗುವಾಗ, ಸಂಘವನ್ನು ನಡೆಸಿ ಎಂದು ಉಳಿದವರಿಗೆ ಹೇಳಿದರು. ಉಳಿದದ್ದು ಹೆಚ್ಚಾಗಿ ಸ್ಟೂಲು, ಮಡಚುವ ಕುರ್ಚಿಯವರು. ನಾನು ಊರಿಗೆ ಹೊರಡುವವರ ಹೆಸರುಗಳ ಪಟ್ಟಿ ಟೈಪ್ ಮಾಡುತ್ತಿದ್ದೆ. ಊರಿನ ದಾರಿ ಆಗ ಇರಾಕಿನ ಬಸ್ರಾದ ಮೂಲಕವೇ; ಡ್ರೈವರು ಪಟ್ಟಿಯಂತೆ ಜನರನ್ನು ಬಸ್ರಾದ ಬಸ್ಸುಗಳು ಹೊರಡುವ ಜಾಗಕ್ಕೆ ಬಿಡುತ್ತಿದ್ದರು. ಅವರ ಹೆಸರು ಪ್ರತಿ ಪಟ್ಟಿಯಲ್ಲೂ ಇರುತ್ತಿತ್ತು, ಪ್ರತಿ ಸಲ ಅವರೇ ಹೊಡೆದುಹಾಕಿಸುತ್ತಿದ್ದರು. "ಡ್ರೈವರ್ ಮೊದಲು ಇಳಿದರೆ ಗಾಡಿ ಬಿಡುವುದು ಯಾರು, ನೀವಾ?" ಅಕ್ಟೋಬರಿನಲ್ಲಿ ಡೀಸೆಲ್ ಮುಗಿದ ಮೇಲೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು.

ಕುವೈತ್ ಬಿಡುಗಡೆಯಾದ ಮೇಲೆ, 1991ರ ಬೇಸಿಗೆಯಲ್ಲಿ ಒಬ್ಬೊಬ್ಬರಾಗಿ ವಾಪಸು ಬಂದೆವು. ಡ್ರೈವರ ಗೋದಾಮು ಲೂಟಿಯಾಗಿತ್ತು. ಕಫೀಲ್ ಅದನ್ನು ಮುಚ್ಚಿ, ಬೇರೆ ಕೆಲಸ ಹುಡುಕಿಕೊಳ್ಳಲು ಮೂರು ತಿಂಗಳು ಕೊಟ್ಟ. ಆಗ ಎಲ್ಲ ಕಡೆ ಕಾವಲಿಗೆ ಜನ ಬೇಕಿತ್ತು, ಮಾಜಿ ಸೈನಿಕರೇ ಬೇಕಿತ್ತು. ಸಂಘದ ಪತ್ರ ತಂದವರಿಗೆ ಕೆಲಸ. ಹಾಗಾಗಿ ಸೇನೆ ಕಾಣದವರೂ ಪತ್ರ ಕೇಳಿಕೊಂಡು ಬಂದರು. ಅಧ್ಯಕ್ಷರು ಹೊಸ ನಿಯಮ ಮಾಡಿದರು: ಡಿಸ್ಚಾರ್ಜ್ ಬುಕ್ ತೋರಿಸದವರಿಗೆ ಸದಸ್ಯತ್ವ ಇಲ್ಲ, ಪತ್ರವೂ ಇಲ್ಲ. ಅದನ್ನು ಟೈಪ್ ಮಾಡಿದ್ದು ನಾನೇ. ಡ್ರೈವರಿಗೆ ವಿನಾಯಿತಿ ಇರುತ್ತದೆ ಎಂದುಕೊಂಡಿದ್ದೆ.

ಸಭೆಯಲ್ಲಿ ಅವರು ಸ್ಟೂಲಿನಿಂದ ಎದ್ದು ನಿಂತು ಕೇಳಿದರು. "ಸಾಬ್, ನನ್ನದು ನಿಮ್ಮ ಎದುರೇ ಸುಟ್ಟದ್ದಲ್ವಾ?"

"ನನಗೆ ಗೊತ್ತಿಲ್ಲವಾ ಬ್ಯಾರಿಗಳೇ? ಆದರೆ ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆ. ರೆಕಾರ್ಡ್ ಆಫೀಸಿಗೆ ಬರೆದು ನಕಲು ತರಿಸಿ."

"ನೀವು ಆರ್ಡರ್ ಅಂದಿರಿ."

"ಅದು ಸಲಹೆ. ನಾವು ರಿಟೈರ್ ಆದವರು, ಆರ್ಡರ್ ಕೊಡಲಿಕ್ಕೆ ಆಗುತ್ತದಾ?"

ನಾನು ಸಾಕ್ಷಿ ಇದ್ದೇನೆ ಎಂದೆ. ಸೋಫಾದಿಂದ ಒಬ್ಬರು, "ನೀವು ಸದಸ್ಯರಲ್ಲವಲ್ಲ ರೈಟ್ರೇ," ಎಂದರು. ನಡಾವಳಿಯಲ್ಲಿ ಇತ್ತು ಎಂದೆ. "ಎಲ್ಲಿ, ತೋರಿಸಿ," ಎಂದರು. ಇಬ್ಬರು ನಕ್ಕರು. ಆ ಇಬ್ಬರೂ ಆಗಸ್ಟಿನಲ್ಲಿ ಡ್ರೈವರ ಲಾರಿಯ ನೀರು ಕುಡಿದವರು.

ಮೆಟ್ಟಿಲಿಳಿಯುವಾಗ ಡ್ರೈವರು ನನಗೆ ಹೇಳಿದ್ದು ಇಷ್ಟೇ: "ನೀವು ಬಾಯಿ ಹಾಕಬಾರದಿತ್ತು. ನಿಮ್ಮ ಕೆಲಸಕ್ಕೂ ಅವರ ಪತ್ರ ಬೇಕಾಗಬಹುದು. ಖಲಾಸ್."

ಸೇನೆಯ ರೆಕಾರ್ಡ್ ಆಫೀಸಿಗೆ ಅರ್ಜಿ ನಾನೇ ಟೈಪ್ ಮಾಡಿದೆ. ಉತ್ತರ ಬಂತು: ಬುಕ್ ಕಳೆದುಹೋದ ಸ್ಥಳದ ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಪ್ರತಿ ಲಗತ್ತಿಸಬೇಕು. ಠಾಣೆಗೆ ಇಬ್ಬರೂ ಹೋದೆವು. ಕಳೆದದ್ದಾ, ಸುಟ್ಟದ್ದಾ ಎಂದು ಕೇಳಿದರು. ಡ್ರೈವರು ಸುಟ್ಟದ್ದು ಎಂದರು. ಯಾರು ಸುಟ್ಟದ್ದು ಎಂದು ಪೊಲೀಸರು ಕೇಳಿದರು. ಡ್ರೈವರು, ನಾನೇ ಎಂದರು. ದೂರು ಬರೆದುಕೊಳ್ಳಲಿಲ್ಲ.

ಮೂರು ತಿಂಗಳು ಮುಗಿದ ವಾರ ಅವರು ಊರಿಗೆ ಹೋದರು.

ವರ್ಷದ ಕೊನೆಗೆ ಸಂಘ ಒಂದು ಪುಟದ ವರದಿ ಹಂಚಿತು. ಆಕ್ರಮಣದ ದಿನಗಳಲ್ಲಿ ಸದಸ್ಯರು ಹವಲ್ಲಿಯಲ್ಲಿ ನೀರು, ಖುಬ್ಬೂಸ್ ಹಂಚಿ, ಬಸ್ರಾದ ಬಸ್ಸುಗಳಿಗೆ ಜನರನ್ನು ತಲುಪಿಸಿದರು ಎಂದು ಅದರಲ್ಲಿದೆ. ಕೆಳಗೆ ಸದಸ್ಯರ ಹೆಸರುಗಳು ದರ್ಜೆಯ ಪ್ರಕಾರ ಇವೆ. ಡ್ರೈವರ ಹೆಸರು ಇಲ್ಲ.