ವಿಸಿಲ್ ಮೊದಲೋ, ಹೊಡೆತ ಮೊದಲೋ

ಚೆಂಡು ನನ್ನ ಎಡಗಿವಿಯ ಪಕ್ಕದಿಂದ ಹೋಗಿ ಹಿಂದಿನ ಕೆಂಪು ಮುರಕಲ್ಲಿನ ಗೋಡೆಗೆ ಬಡಿದ ಶಬ್ದ ಸ್ಪಷ್ಟವಾಗಿ ನೆನಪಿದೆ. ಅದಕ್ಕೆ ಮುಂಚಿನ ಒಂದೆರಡು ಕ್ಷಣಗಳು ಮಾತ್ರ ಪ್ರತಿ ಸಲವೂ ಬೇರೆ ಕ್ರಮದಲ್ಲಿ ಬರುತ್ತವೆ.

ಬಂಟ್ವಾಳದ ಒಂದು ಶಾಲೆಯ ಮೈದಾನದಲ್ಲಿ ಕಾಲೇಜು ಹುಡುಗಿಯರ ಹಾಕಿ ಪಂದ್ಯ ಇತ್ತು. ಮೂಡುಬಿದಿರೆಯಲ್ಲಿ ಡಿಗ್ರಿ ಓದುವಾಗ ನಾನೂ ಆಡಿದವಳು. ಆಡಿದ್ದಕ್ಕಿಂತ ಬೆಂಚಿನಲ್ಲಿ ಕೂತದ್ದು ಹೆಚ್ಚು. ಕೂತು ಕೂತು ಆಟದ ಬಗ್ಗೆ ಅಭಿಪ್ರಾಯಗಳು ಬೆಳೆದವು, ಆಟ ಬಿಟ್ಟ ಮೇಲೂ ಅವು ನಿಲ್ಲಲಿಲ್ಲ. ನಮ್ಮ ಕಡೆ ಕಬಡ್ಡಿಗೆ, ವಾಲಿಬಾಲಿಗೆ ಜನ ಸೇರುವ ಹಾಗೆ ಹಾಕಿಗೆ ಸೇರುವುದಿಲ್ಲ. ನನ್ನ ಜತೆ ಬರುವವರು ಬೆಳ್ತಂಗಡಿಯಲ್ಲಿರುವ ಅಕ್ಕನ ಗಂಡ ಒಬ್ಬರೇ. ಭಾವನಿಗೆ ರಬ್ಬರ್ ತೋಟ, ಒಂದು ಹಳೆಯ ಜೀಪು, ಮತ್ತು ಜಗತ್ತಿನ ಅಂಪಾಯರುಗಳೆಲ್ಲ ನಮ್ಮ ತಂಡವನ್ನು ಸೋಲಿಸಲಿಕ್ಕೆಂದೇ ಹುಟ್ಟಿದವರು ಎಂಬ ನಂಬಿಕೆ.

ನನ್ನದು ಇದಕ್ಕೆ ವಿರುದ್ಧ. ಟಿವಿಯಲ್ಲಿ ನಮ್ಮ ತಂಡ ಮುಕ್ಕಾಲು ಆಟ ಚೆನ್ನಾಗಿ ಆಡಿ ಕೊನೆಗೆ ಗೋಲು ಬಿಟ್ಟುಕೊಟ್ಟಾಗ ಭಾವ ಅಂಪಾಯರನ್ನು ಬೈಯುತ್ತಿದ್ದರು. ಆ ಹೊತ್ತಿಗೆ ಯಾರು ಹಸಿರು ಕಾರ್ಡು ತೆಗೆದುಕೊಂಡು ಹೊರಗೆ ಕೂತಿದ್ದಾರೆ ನೋಡಿ ಎಂದು ನಾನು ಹೇಳುತ್ತಿದ್ದೆ. ವಿಸಿಲ್ ಕೇಳಿದರೆ ಕೋಲು ನಿಲ್ಲಬೇಕು. ಅಂಪಾಯರ್ ಹೇಳಿದ್ದೇ ಕೊನೆಯ ಮಾತು, ತಪ್ಪಾದರೂ. ಇಲ್ಲದಿದ್ದರೆ ಕೋಲು ಹಿಡಿದ ಇಪ್ಪತ್ತೆರಡು ಜನರ ನಡುವೆ ಯಾರೂ ಸುರಕ್ಷಿತರಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಅಕ್ಕ ನನಗಿಂತ ಮೊದಲೇ ವಾಕ್ಯ ಮುಗಿಸುತ್ತಿದ್ದಳು.

ಆ ದಿನ ಮೈದಾನದ ಒಂದು ಬದಿಯಲ್ಲಿ ಹಾಕಿ, ಇನ್ನೊಂದು ಬದಿಯಲ್ಲಿ ವಾಲಿಬಾಲ್. ಮೈಕಿನಲ್ಲಿ ತುಳುವಿನಲ್ಲಿ ವೀಕ್ಷಕ ವಿವರಣೆ ಬೇರೆ. ಸಂಜೆಯ ಬಿಸಿಲು ಮುಖಕ್ಕೆ ಹೊಡೆಯುತ್ತದೆಂದು ನಾನು ಗೋಲಿನ ಹಿಂದೆ, ಗೋಡೆಯ ನೆರಳಿನಲ್ಲಿ ನಿಂತೆ. ಗೋಲಿಗೂ ನನಗೂ ನಡುವೆ ಚೆಂಡು ತಡೆಯಲು ಹಳೆಯ ಮೀನಿನ ಬಲೆ ಕಟ್ಟಿದ್ದರು. ಭಾವ ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ತಿನ್ನಲು ಗೇಟಿನ ಹತ್ತಿರ ಹೋಗಿದ್ದರು.

ಕೊನೆಯ ಹಂತದಲ್ಲಿ ಮೂಡುಬಿದಿರೆಯ ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಆಗ ಗೋಲು ತಡೆಯುವ ಎದುರು ತಂಡದವರು ಮುಖಕ್ಕೆ ಗಟ್ಟಿ ಮಾಸ್ಕ್ ಹಾಕಿಕೊಂಡು ಗೆರೆಯ ಮೇಲೆ ನಿಲ್ಲುತ್ತಾರೆ. ಮೊದಲ ಹೊಡೆತ ತಡೆಯಲ್ಪಟ್ಟಿತು. ಚೆಂಡು ಕಾಲುಗಳ ನಡುವೆ ಸಿಕ್ಕಿಕೊಂಡಿತು, ಯಾರದೋ ಬೂಟಿಗೆ ತಾಗಿದ ಹಾಗಾಯಿತು. ಕಾಲಿಗೆ ತಾಗಿದರೆ ತಪ್ಪು, ಆಟ ನಿಲ್ಲಬೇಕು. ಎಲ್ಲೋ ವಿಸಿಲ್ ಆಯಿತು. ಗೋಲಿನ ಕಂಬದ ಹತ್ತಿರ ಇದ್ದ ಎದುರು ತಂಡದ ಹುಡುಗಿ ಮಾಸ್ಕನ್ನು ಹಣೆಯ ಮೇಲಕ್ಕೆ ಸರಿಸಿದಳು. ಮೂಡುಬಿದಿರೆಯ ಫಾರ್ವರ್ಡ್ ಹುಡುಗಿ ಚೆಂಡನ್ನು ಹೊಡೆದಳು. ಅದು ನೆಲದ ಕಲ್ಲಿಗೆ ತಾಗಿ ಎದ್ದು, ಕಂಬದ ಹುಡುಗಿಯ ದವಡೆಗೆ ಬಡಿದು, ಬಲೆಯ ಮೇಲಿಂದ ನನ್ನ ಕಿವಿಯ ಪಕ್ಕ ಹಾರಿತು.

ಈ ಕ್ರಮದಲ್ಲಿ ಬರೆದಿದ್ದೇನೆ, ಆದರೆ ಇದೇ ಕ್ರಮವೆಂದು ಆಣೆ ಹಾಕಲಾರೆ. ವಿಸಿಲ್ಲನ್ನು ಹೊಡೆತದ ನಂತರ ಇಟ್ಟು ಓದಿದರೂ ನನ್ನ ನೆನಪು ತಕರಾರು ಮಾಡುವುದಿಲ್ಲ.

ಅಂಪಾಯರ್ ಓಡಿ ಬಂದು ಫಾರ್ವರ್ಡ್ ಹುಡುಗಿಗೆ ಕೆಂಪು ಕಾರ್ಡು ತೋರಿಸಿದರು. ತಾನು ವಿಸಿಲ್ ಹಾಕಿದ ಮೇಲೆ ಹೊಡೆದಿದ್ದಾಳೆ ಎಂದರು. ಹುಡುಗಿ ಅಳುತ್ತ, ತನಗೆ ಕೇಳಿದ್ದು ವಾಲಿಬಾಲಿನ ವಿಸಿಲ್, ಹಾಕಿಯದ್ದು ಆಮೇಲೆ ಆದದ್ದು ಎಂದಳು. ಇನ್ನೊಬ್ಬ ಅಂಪಾಯರ್ ಆಚೆ ತುದಿಯಲ್ಲಿದ್ದರು. ಒಂದು ಮೊಬೈಲ್ ವಿಡಿಯೋ ಸಿಕ್ಕಿತು. ಅದರಲ್ಲಿ ಕೇಳುವುದು ಮೈಕಿನ ಧ್ವನಿ ಮಾತ್ರ.

ಗಾಯಗೊಂಡವಳನ್ನು ಭಾವನ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಬಚ್ಚಂಗಾಯಿ ಅಂಗಡಿಯವರು ಕೊಟ್ಟ ಐಸನ್ನು ಟವೆಲಿನಲ್ಲಿ ಸುತ್ತಿ ನಾನು ಅವಳ ಕೆನ್ನೆಗೆ ಹಿಡಿದಿದ್ದೆ. ಅವಳು ಮಾಸ್ಕನ್ನು ಎದೆಗೆ ಒತ್ತಿಕೊಂಡಿದ್ದಳು. ನಾನು ತೆಗೆದಿಡಲು ಹೋದರೆ ಬಿಡಲಿಲ್ಲ. ಇನ್ನು ಯಾವ ಉಪಯೋಗಕ್ಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೆಲವು ದಿನಗಳ ನಂತರ ಮೂಡುಬಿದಿರೆಯಿಂದ ಆ ಫಾರ್ವರ್ಡ್ ಹುಡುಗಿಯ ತರಬೇತುದಾರರ ಫೋನ್ ಬಂತು. ಪಂದ್ಯ ನಡೆಸಿದ ಸಮಿತಿ ವಿಚಾರಣೆ ಇಟ್ಟಿದೆ. ವಿಸಿಲ್ಲಿನ ನಂತರ ಹೊಡೆದದ್ದು ಎಂದಾದರೆ ಹುಡುಗಿ ಈ ಇಡೀ ವರ್ಷ ಆಡುವ ಹಾಗಿಲ್ಲ. ಆಡದಿದ್ದರೆ ಅವಳ ಕ್ರೀಡಾ ಹಾಸ್ಟೆಲಿನ ಸೀಟು ಹೋಗುತ್ತದೆ. ಅವಳ ಮನೆ ತೋಡಾರಿನಲ್ಲಿ, ಅಪ್ಪ ರಿಕ್ಷಾ ಓಡಿಸುವವರು. ನೀವು ಗೋಲಿನ ಹಿಂದೆಯೇ ಇದ್ದಿರಿ, ಕಂಡದ್ದನ್ನು ಹೇಳಿದರೆ ಸಾಕು ಎಂದರು. ಫೋನ್ ಇಟ್ಟ ಮೇಲೆ ಯೋಚಿಸಿದಾಗ ಹೊಡೆತ ಮೊದಲು, ವಿಸಿಲ್ ನಂತರ ಎಂದು ನಿಚ್ಚಳವಾಗಿ ಅನಿಸಿತು.

ಅದೇ ವಾರ ಗಾಯಗೊಂಡವಳನ್ನು ನೋಡಲು ನರಿಕೊಂಬಿನ ಅವಳ ಮನೆಗೆ ಹೋದೆ. ದವಡೆಗೆ ತಂತಿ ಕಟ್ಟಿದ್ದರು. ಅವಳು ಸ್ಟ್ರಾದಲ್ಲಿ ಗಂಜಿತಿಳಿ ಕುಡಿಯುತ್ತಿದ್ದಳು. ಮಾತು ಅವಳ ಅಮ್ಮನದು.

"ವಿಸಿಲ್ ಕೇಳಿದ ಮೇಲೆಯೇ ಇವಳು ಮಾಸ್ಕ್ ತೆಗೆದದ್ದಂತೆ. ಕೇಳಿದ ಕೂಡ್ಲೇ ನಿಲ್ಲಬೇಕು ಅಂತ ಕಲಿಸಿದ್ದಾರಲ್ವಾ? ಇವಳು ನಿಂತಳು. ಅದಕ್ಕೆ ಸಿಕ್ಕಿದ್ದು ಇದು."

ನನ್ನದೇ ಮಾತು ಆಕೆಯ ಬಾಯಲ್ಲಿ. ಮನೆಗೆ ಮರಳುವಾಗ ವಿಸಿಲ್ ಮತ್ತೆ ಹೊಡೆತದ ಮುಂದಕ್ಕೆ ಬಂದು ನಿಂತಿತ್ತು. ಯಾರ ಕಷ್ಟ ಕೇಳುತ್ತೇನೋ ಅವರ ಕಡೆಗೆ ನನ್ನ ಕಿವಿ ವಾಲುತ್ತಿದೆ ಎಂದು ಆಗ ಹೆದರಿಕೆಯಾಯಿತು. ಆಮೇಲೆ ಒಬ್ಬಳೇ ಕೂತು ನೆನಪಿಸಿಕೊಳ್ಳಲು ನೋಡಿದೆ. ಗೋಡೆಗೆ ಬಡಿದ ಶಬ್ದ ಬರುತ್ತಿತ್ತು, ಕುತ್ತಿಗೆ ತಾನಾಗಿ ಬಗ್ಗುತ್ತಿತ್ತು, ಅಷ್ಟೇ.

ವಿಚಾರಣೆಗೆ ಮೂಡುಬಿದಿರೆಗೆ ಭಾವನೇ ಕರೆದುಕೊಂಡು ಹೋದರು. ಸಿದ್ಧಕಟ್ಟೆ ದಾಟುವಾಗ ಜೀಪಿನ ವೇಗ ಇಳಿಸಿದರು. ಆಮೇಲೆ ಹೇಳಿದರು:

"ಒಂದು ಹೇಳಿಬಿಡು ಮಾರಾಯ್ತಿ. ಯಾವುದಾದ್ರೂ ಒಂದು."

"ಯಾವುದು ಭಾವ?"

"ಅಂಪಾಯರಿಗೆ ಕಣ್ಣಿಲ್ಲ ಅಂತ ನಾನು ಬೇಕಾದ್ರೆ ಬರೆದು ಕೊಡ್ತೇನೆ. ಆದ್ರೆ ನಾನು ಬಚ್ಚಂಗಾಯಿ ತಿಂತಾ ಇದ್ದವ. ನನ್ನ ಮಾತು ನಡೆಯುದಿಲ್ಲ."

"ನಿಮ್ಮದೇ ವಾಸಿ. ಕಾಣದೆ ಇದ್ರೂ ನಿಮಗೆ ಗೊತ್ತುಂಟು."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೋಣೆಯಲ್ಲಿ ಸಮಿತಿಯವರು ಮೂವರು, ಪಕ್ಕದಲ್ಲಿ ಅಂಪಾಯರ್, ಮೈದಾನದಲ್ಲಿ ಕಂಡದ್ದಕ್ಕಿಂತ ಚಿಕ್ಕ ಪ್ರಾಯದವರು. ತಾನು ವಿಸಿಲ್ ಹಾಕಿದ್ದು ಹೊಡೆತಕ್ಕೆ ಮೊದಲೇ ಎಂದು ಹೇಳಿ ನನ್ನ ಮುಖ ನೋಡಿದರು. ಎದುರಿನ ಬೆಂಚಿನಿಂದ ಹುಡುಗಿಯೂ ನೋಡಿದಳು. ಇಬ್ಬರೂ ನನ್ನಿಂದ ಒಂದೊಂದು ವಾಕ್ಯಕ್ಕೆ ಕಾಯುತ್ತಿದ್ದರು. ಇಬ್ಬರದೂ ಸುಳ್ಳು ಹೇಳುವವರ ಮುಖವಲ್ಲ.

ಗೊತ್ತಿಲ್ಲ ಎಂದೆ. ಎರಡು ವಿಸಿಲ್ ಕೇಳಿರಬಹುದು, ಒಂದೇ ಇರಬಹುದು, ಮೊದಲಿನದು ಯಾವ ಕಡೆಯದೆಂದು ಹೇಳಲಾರೆ ಎಂದೆ.

"ಅಷ್ಟು ಹತ್ತಿರ ಇದ್ದವರಿಗೆ ಗೊತ್ತಿಲ್ಲ ಅಂದ್ರೆ ಹೇಗೆ ಮೇಡಂ? ನೀವು ಆಡಿದವರು ಬೇರೆ," ಎಂದರು ನಡುವೆ ಕೂತವರು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು. ನನಗೂ ಅರ್ಥವಾಗಿರಲಿಲ್ಲ. ಹತ್ತಿರ ಇದ್ದುದರಿಂದಲೇ ಇರಬಹುದು ಎಂದು ಏನೋ ತೊದಲಿದೆ.

ಬೇರೆ ಸಾಕ್ಷಿ ಇಲ್ಲದಾಗ ಅಂಪಾಯರ್ ಹೇಳಿದ್ದೇ ಕೊನೆಯ ಮಾತು ಎಂದು ಸಮಿತಿ ತೀರ್ಮಾನಿಸಿತು. ಹುಡುಗಿ ಈ ವರ್ಷ ಆಡುವ ಹಾಗಿಲ್ಲ. ನಾನು ವರ್ಷಗಟ್ಟಲೆ ಭಾವನ ಜತೆ ವಾದಿಸಿ ಗೆದ್ದ ನಿಯಮ ಅದೇ. ಈಗಲೂ ಅದು ಸರಿಯಾದ ನಿಯಮವೆಂದೇ ಅನಿಸುತ್ತದೆ. ಆ ಕೋಣೆಯಲ್ಲಿ ಕೇಳುವಾಗ ಮಾತ್ರ ಅದನ್ನು ಯಾರೋ ನನಗೆ ಅಪರಿಚಿತರಾದವರು ಬರೆದ ಹಾಗಿತ್ತು.

ಹೊರಗೆ ಜೀಪಿನ ಹತ್ತಿರ ನಿಂತಿದ್ದಾಗ ಹುಡುಗಿ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಕ್ಕ, ಒಂದು ಕೇಳ್ತೇನೆ. ನೀವು ನನ್ನ ಎದುರೇ ಇದ್ದದ್ದಲ್ವಾ?"

"ಹೌದು."

"ಹೊಡೆಯುವಾಗ ನನ್ನ ಮುಖ ಹೇಗಿತ್ತು? ವಿಸಿಲ್ ಕೇಳಿದವಳ ಹಾಗೆ ಇತ್ತಾ? ಹಾಕಿಯ ವಿಸಿಲ್ ಕೇಳಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ಆದ್ರೆ ನನಗೇ ಈಗ ಸರಿ ಗೊತ್ತಾಗುದಿಲ್ಲ."

ನಾನು ನೆನಪಿನಲ್ಲಿ ಹುಡುಕಿದೆ. ಬೂಟುಗಳು ಕಂಡವು, ಕೆಂಪು ಮಣ್ಣು, ಕೋಲಿನ ಬಾಗಿದ ತುದಿ, ಮೇಲೇಳುತ್ತಿರುವ ಬಿಳಿ ಚೆಂಡು. ಅವಳ ಮುಖ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ನಾನು ಚೆಂಡು ನೋಡ್ತಾ ಇದ್ದೆ," ಎಂದೆ.

ಅವಳು ತಲೆಯಾಡಿಸಿದಳು. ತಾನೂ ಅದನ್ನೇ ನೋಡುತ್ತಿದ್ದೆ ಎಂದಳು. ಆಮೇಲೆ ನರಿಕೊಂಬಿನ ಮನೆಗೆ ಹೇಗೆ ಹೋಗುವುದು, ಹೋದರೆ ಅವರು ಒಳಗೆ ಬಿಡುತ್ತಾರಾ ಎಂದು ಕೇಳಿದಳು. ದಾರಿ ಹೇಳಿದೆ. ಭಾವ ಜೀಪಿನ ಹಿಂದಿನ ಬಾಗಿಲು ತೆಗೆದು, "ಹತ್ತು ಮಗಾ, ಹೋಗಿ ನೋಡುವ," ಎಂದರು. ಅವಳು ನನ್ನನ್ನು ನೋಡಿದಳು. ನಾನು ಬಾಗಿಲಿನಿಂದ ಸರಿದು ಜಾಗ ಮಾಡಿದೆ.