ಉಲ್ಟಾ ಬಾಜು

ಸೈಕಲ್ ಬಿಟ್ಟು ಮೋಟಾರ್‌ಸೈಕಲ್ ಹತ್ತಿದವನಿಗೆ ಸೈಕಲ್ಲಿನವರ ಮೇಲೆ ಇರುವಷ್ಟು ಅಸಹ್ಯ ಬೇರೆ ಯಾರಿಗೂ ಇರುವುದಿಲ್ಲ. ನನ್ನನ್ನು ನೋಡಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಹದಿನೆಂಟು ವರ್ಷ ಸೈಕಲ್ ತುಳಿದೆ. ಲಾರಿ ಹಾರ್ನ್ ಹೊಡೆದರೆ ಮಣ್ಣಿಗೆ ಇಳಿದೆ, ಬಸ್ಸು ಬಂದರೆ ಜಾಲಿಕಂಟಿಗೆ ಒರಗಿ ನಿಂತೆ, ಕಾರಿನೊಳಗಿಂದ ಯಾರೋ ಉಗುಳಿದ ಗುಟ್ಕಾವನ್ನು ಅಂಗಿಯ ಮೇಲೆ ಹೊತ್ತುಕೊಂಡು ಮನೆಗೆ ಬಂದೆ. ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡೆ. ತಿಂಗಳು ಕಳೆದಿರಲಿಲ್ಲ, ಮುಂದೆ ಹೋಗುವ ಸೈಕಲ್ಲಿನವನ ಕಿವಿಯ ಹತ್ತಿರವೇ ಹಾರ್ನ್ ಹೊಡೆದು, "ರೋಡ್ ನಿಮ್ಮಪ್ಪಂದೇನಲೇ" ಎಂದು ಬೈಯತೊಡಗಿದ್ದೆ.

ಮನೆ ಬಸವಕಲ್ಯಾಣದಲ್ಲಿ, ಹೊಟ್ಟೆಪಾಡು ಹುಮನಾಬಾದಿನಲ್ಲಿ. ಅಲ್ಲಿ ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಹಣಿ, ಪಿಂಚಣಿ, ರೇಷನ್ ಕಾರ್ಡು, ಅಣ್ಣತಮ್ಮಂದಿರ ಜಗಳ, ಏನು ತಂದರೂ ಬರೆಯುತ್ತೇನೆ. ನನ್ನ ಅಕ್ಷರ ಮುತ್ತಿನಂತೆ ಎಂದು ಜನ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಅವರು ಹೇಳಿದ್ದನ್ನು ನಾನು ಹಾಗೆಯೇ ಬರೆಯುವುದಿಲ್ಲ. "ನಮ್ ಹೊಲ ಅಂವ ನುಂಗ್ಯಾನ್ರಿ" ಎಂದರೆ "ಸದರಿಯವರು ಅತಿಕ್ರಮಣ ಮಾಡಿರುತ್ತಾರೆ" ಎಂದು ಬರೆಯುತ್ತೇನೆ. ಓದಿ ಹೇಳಿದಾಗ ಅವರು ಬಾಯಿ ತೆರೆದು ಕೇಳುತ್ತಾರೆ, ತಮ್ಮ ಸಿಟ್ಟು ಇಷ್ಟು ಚೆಂದ ಇತ್ತೇ ಎಂಬಂತೆ ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿದವರಿಂದ ನನಗೆ ಸೊಕ್ಕು ಏರಿತ್ತು.

ಊರಾಚೆ ಕಾರ್ಖಾನೆಗಳ ಕಡೆ ಹೋಗುವ ರಸ್ತೆಗೆ ನಡುವೆ ಡಿವೈಡರ್ ಇಲ್ಲ. ಡಾಂಬರಿನ ಅಂಚು ಮಣ್ಣಿಗಿಂತ ಒಂದು ಗೇಣು ಎತ್ತರ. ಸೈಕಲ್ಲು ಒಮ್ಮೆ ಕೆಳಗಿಳಿದರೆ ಮತ್ತೆ ಮೇಲೆ ಎತ್ತಿಯೇ ಇಡಬೇಕು. ಅದಕ್ಕೇ ಬೆಳಗಿನ ಪಾಳಿಗೆ ಹೋಗುವ ಕೂಲಿಯವರೆಲ್ಲ ಆ ಅಂಚಿನ ಮೇಲೆಯೇ ತುಳಿಯುತ್ತಾರೆ. ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಒಬ್ಬಾತ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅಲ್ಲಿ ಹೋಗುತ್ತಿದ್ದ. ಇಬ್ಬರದೂ ಒಂದೇ ಕಡೆ ಕಸ ಗುಡಿಸುವ, ಡ್ರಮ್ಮು ತೊಳೆಯುವ ಕೆಲಸ. ಒಂದು ಟೆಂಪೊ ಸೈಕಲ್ಲಿಗೆ ಬಡಿದು, ಅದನ್ನು ರಸ್ತೆಯ ಆಚೆ ಬದಿಯವರೆಗೆ ಎಳೆದುಕೊಂಡು ಹೋಗಿ ನಿಂತಿತು. ಹೆಂಡತಿ ಅಲ್ಲೇ ಸತ್ತಳು. ಗಂಡನ ತಲೆಗೆ ಪೆಟ್ಟು ಬಿತ್ತು. ಅವನು ಬದುಕಿದ, ಆದರೆ ಆ ಬೆಳಗು ಅವನ ನೆನಪಿನಿಂದ ಪೂರ್ತಿ ಅಳಿಸಿಹೋಯಿತು.

ಕಣ್ಣಾರೆ ಕಂಡವಳು ಒಬ್ಬಳೇ, ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಸೀತಾಫಲ ಮಾರುವ ವಯಸ್ಸಾದ ಹೆಂಗಸು. ಎಲ್ಲರೂ ಅವಳನ್ನು ಖಾಲಾ ಎನ್ನುತ್ತಿದ್ದರು. ಅವಳ ಮಾತೆಲ್ಲ ದಖನಿ ಉರ್ದು, ಕನ್ನಡ ಅಷ್ಟಕ್ಕಷ್ಟೆ. ಅವಳ ಹೇಳಿಕೆಯನ್ನು ಕನ್ನಡದಲ್ಲಿ ಬರೆಯಲು ದಖನಿ ಬಲ್ಲವನೊಬ್ಬ ಬೇಕಾಗಿದ್ದ, ಪೊಲೀಸರು ನನ್ನನ್ನು ಕರೆದರು. ದಖನಿ ನನಗೆ ಯಾರೂ ಕಲಿಸಬೇಕಾಗಿಲ್ಲ. ಚಿಕ್ಕಂದಿನಲ್ಲಿ ಗೋಟಿ ಆಡಿದ್ದೂ ಬೈದಾಡಿದ್ದೂ ಆ ಮಾತಿನಲ್ಲೇ.

ಅಂದು ಬರುವಾಗ ದಾರಿಯಲ್ಲಿ ಒಬ್ಬ ಮುದುಕ ಸೈಕಲ್ಲಿಗೆ ಮೇವು ಹೇರಿಕೊಂಡು ನನ್ನ ಎದುರಿಗೇ, ತಪ್ಪು ಬದಿಯಲ್ಲಿ ಬಂದಿದ್ದ. ಬ್ರೇಕ್ ಹಾಕಿದ ರಭಸಕ್ಕೆ ನನ್ನ ಊಟದ ಡಬ್ಬಿ ರಸ್ತೆಗೆ ಬಿದ್ದು ಪುಂಡಿಪಲ್ಯ ಮಣ್ಣುಪಾಲಾಗಿತ್ತು. ಹಸಿವೆ, ಸಿಟ್ಟು ಎರಡನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡೇ ನಾನು ಪೆನ್ನು ತೆಗೆದೆ.

"ಉಲ್ಟೇ ಹಾತ್ ಕೀ ಬಾಜೂ ಸೇ ಜಾ ರಾ ಥಾ ಬಿಚಾರಾ," ಎಂದಳು ಖಾಲಾ.

ಉಲ್ಟಾ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಪೆನ್ನು ಓಡಿತು. "ಸದರಿ ಸೈಕಲ್ ಸವಾರನು ರಸ್ತೆಯ ವಿರುದ್ಧ ಬದಿಯಲ್ಲಿ ಅಡ್ಡಲಾಗಿ ಬಂದಿರುತ್ತಾನೆ." ಅಡ್ಡಲಾಗಿ ಎಂಬುದು ಅವಳ ಮಾತೇ ಅಲ್ಲ. ಸೈಕಲ್ಲಿನವರ ವಿಷಯದಲ್ಲಿ ಆ ಶಬ್ದ ತಾನಾಗಿಯೇ ಬರುತ್ತದೆ. ನಮ್ಮಲ್ಲಿ ಸೈಕಲ್ಲಿನವ ಯಾವತ್ತೂ ದಾರಿ ಹಿಡಿದು ಹೋಗುವುದಿಲ್ಲ, ಅಡ್ಡ ಬರುತ್ತಾನೆ. ಅವಳು ಮುಂದೆ ಏನೋ ಹೇಳುತ್ತಲೇ ಇದ್ದಳು, ನಾನು ವಾಕ್ಯ ಚೆಂದ ಮಾಡುವುದರಲ್ಲಿ ಮುಳುಗಿದ್ದೆ. ಬರೆದದ್ದನ್ನು ಕನ್ನಡದಲ್ಲೇ ಓದಿ ಹೇಳಿದೆ. ಅರ್ಥವಾಗದೆ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. "ಓದಿ ಹೇಳಿ ಕೇಳಿಸಲಾಗಿದೆ, ಸರಿ ಇರುತ್ತದೆ" ಎಂದು ಬರೆದು, ಬರೆದವನ ಜಾಗದಲ್ಲಿ ನನ್ನ ಹೆಸರು ಹಾಕಿದೆ. ಮೇಲೆ ಆ ಗಂಡನ ಹೆಸರು, ಕೆಳಗೆ ನನ್ನದು. ಓದಿದವರೆಲ್ಲ ನನ್ನ ಕನ್ನಡವನ್ನು ನಂಬಿದರು. ಸೈಕಲ್ಲು ಬಿದ್ದದ್ದೂ ರಸ್ತೆಯ ಆಚೆ ಬದಿಗೇ ಆಗಿತ್ತಲ್ಲ.

ಆಸ್ಪತ್ರೆಯಿಂದ ಅವನು ಮನೆಗೆ ಬರುವಷ್ಟರಲ್ಲಿ ಆ ಮಾತು ಅವನ ಊರು ಮುಟ್ಟಿತ್ತು. "ಉಲ್ಟಾ ಹೋಗಿ ಹೇಣ್ತೀನ ತಿಂದಾನ" ಎಂದರು. ಮುಡಬಿಯಿಂದ ಅವನ ಅತ್ತೆ, ಸತ್ತವಳ ತಾಯಿ, ಬಂದು, ಒಂಬತ್ತನೆಯ ಇಯತ್ತೆ ಓದುತ್ತಿದ್ದ ಅವನ ಒಬ್ಬಳೇ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಅವನ ಕಣ್ಣೆದುರಿಗೇ ಬಸ್ಸು ಹತ್ತಿಸಿಕೊಂಡು ಹೋದಳು. ಊರವರು ಅವನಿಗೆ ಉಲ್ಟಾ ಎಂದೇ ಹೆಸರಿಟ್ಟರು. ಅವನನ್ನು ಹಾಗೆ ಕೂಗಿದರೆ ಅವನು ತಿರುಗಿ ನೋಡುತ್ತಾನೆ.

ಮರುವರ್ಷ ಸೀತಾಫಲದ ಕಾಲದಲ್ಲಿ, ಯಾವುದೋ ಮದುವೆಗೆ ಹೊರಟವನು ಆ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹೊಸ ಫಂಕ್ಷನ್ ಹಾಲ್ ಎಲ್ಲಿ ಎಂದು ಖಾಲಾಳನ್ನು ಕೇಳಿದೆ.

"ಉಲ್ಟೇ ಹಾತ್ ಕೂ ಮುಡೋ," ಎಂದಳು.

ನಾನು ಎಡಕ್ಕೆ ತಿರುಗಿದೆ. ಹತ್ತು ಮಾರು ಹೋಗಿ ನಿಂತೆ. ಉಲ್ಟೇ ಹಾತ್ ಎಂದರೆ ಎಡಗೈ, ಸೀದಾ ಹಾತ್ ಎಂದರೆ ಬಲಗೈ. ಇದು ಚಿಕ್ಕಂದಿನಿಂದ ಗೊತ್ತಿದ್ದ ಮಾತು, ಅದಕ್ಕೇ ನನ್ನ ಕೈ ತಾನಾಗಿ ಎಡಕ್ಕೆ ತಿರುಗಿತ್ತು. ರಸ್ತೆಯಲ್ಲಿ ಎಡಗೈ ಬದಿ ಎಂದರೆ ಸರಿಯಾದ ಬದಿ. ನಾನು ಗಾಡಿ ತಿರುಗಿಸಿ ಅವಳ ಹತ್ತಿರ ಬಂದು, ಅವತ್ತು ಆ ಸೈಕಲ್ಲಿನವ ಯಾವ ಕಡೆ ಇದ್ದ ಎಂದು ಕೇಳಿದೆ.

"ಅಪ್ನೇ ಬಾಜೂಚ್ ಥಾ. ಪೀಛೇ ಸೇ ಮಾರಾ ನಾ ಟೆಂಪೊವಾಲಾ. ಮೈ ಲಿಖಾಯೀ ನಾ ತುಮ್ನಾ ಕೋ."

ತನ್ನ ಬದಿಯಲ್ಲೇ ಇದ್ದ, ಟೆಂಪೊ ಹಿಂದಿನಿಂದ ಹೊಡೆಯಿತು, ನಿನಗೆ ಬರೆಸಿದ್ದೆನಲ್ಲ ಎಂದು ಅವಳು ಹೇಳಿದ್ದು. ನಾನು ಎರಡು ಸೀತಾಫಲ ಕೊಂಡು ಮದುವೆಗೆ ಹೋದೆ. ಊಟವನ್ನೂ ಮಾಡಿದೆ. ಹೋದವಳು ಬರುತ್ತಾಳೆಯೇ, ಮುಗಿದುಹೋದದ್ದನ್ನು ಕೆದಕಿ ಯಾರಿಗೇನು ಉಪಯೋಗ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸತ್ತವಳ ಚಿಂತೆ ಇರಲಿಲ್ಲ. ನನ್ನ ಟೇಬಲ್ಲಿನ ಚಿಂತೆ ಇತ್ತು. ತಪ್ಪು ಬರೆಯುವವನ ಹತ್ತಿರ ಯಾರು ಅರ್ಜಿ ಬರೆಸುತ್ತಾರೆ?

ಮೂರು ವರ್ಷ ಹಾಗೇ ಕಳೆದವು. ಖಾಲಾ ತೀರಿಕೊಂಡಳು. ಆ ಸುದ್ದಿ ಕೇಳಿದಾಗ ನನಗೆ ಹಗುರೆನಿಸಿತು. ಅದನ್ನು ಮುಚ್ಚಿಟ್ಟರೆ ಇದನ್ನೆಲ್ಲ ಬರೆಯುವುದರಲ್ಲಿ ಅರ್ಥವಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಅವನೇ ನನ್ನ ಟೇಬಲ್ ಮುಂದೆ ಬಂದು ನಿಂತ. ಕೈಯಲ್ಲಿ ಆ ಹೇಳಿಕೆಯ ನಕಲು. ಅದನ್ನು ಬರೆದವನು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ, ಅವನಿಗೆ ಓದಲು ಬರುವುದಿಲ್ಲ.

"ಇದ್ರಾಗ ಕಾರಣ ಬರ್ದಾರೇನ್ ನೋಡ್ರಿ ಸಾಹೇಬ್ರ," ಎಂದ.

"ಎದರ ಕಾರಣ?"

"ನಾ ಯಾಕ ಉಲ್ಟಾ ಹೋದೆ ಅಂತ. ನನಗ ನೆನಪಿಲ್ರಿ. ರೋಜ್ ನೆನಪ ಮಾಡ್ಲಿಕ್ಕಿ ನೋಡ್ತೀನಿ, ತಲೀ ಒಳಗ ಎಲ್ಲಾ ಸಾಫ್ ಆಗ್ಯಾದ. ಮಗಳು ಕಲ್ಯಾಣದಾಗ ಕಾಲೇಜಿಗಿ ಬರ್ತಾಳ್ರಿ. ಗೇಟಿಗಿ ಹೋಗಿ ನಿಂತಿದ್ದೆ. ಈ ಕಾಗದ ಅಕಿನೇ ಎಲ್ಲಿಂದೋ ತರಿಸ್ಯಾಳ. 'ಯಾಕ ಉಲ್ಟಾ ಹೋದಿ, ಅಷ್ಟು ಹೇಳು, ಮನೀಗಿ ಬರ್ತೀನಿ' ಅಂದ್ಳು."

ನನ್ನ ಅಕ್ಷರವನ್ನೇ ನಾನು ಮೇಲಿಂದ ಕೆಳಗೆ ಓದುವಂತೆ ನಟಿಸಿದೆ. "ಕಾರಣ ಬರ್ದಿಲ್ಲಪ್ಪ," ಎಂದೆ.

ಅವನು ಹೋಗಲಿಲ್ಲ. ಟೇಬಲ್ಲಿನ ಅಂಚು ಹಿಡಿದು ನಿಂತು ಯೋಚಿಸಿದ. "ಆಚೀ ಬಾಜು ಹುಣಚೀಮರ ಅವರಿ. ಅಕಿಗಿ ಬಿಸಲ ಹತ್ತಬಾರ್ದಂತ ದಾಟಿದ್ನೇನೋ. ಇಲ್ಲಾ ಅಕಿನೇ ನೆರಳಿಗಿ ಹೊಡಿ ಅಂದಿದ್ಳೇನೋ. ಬ್ಯಾಡ, ಸತ್ತಾಕಿ ಮ್ಯಾಲೆ ಹಾಕಬಾರ್ದು. ನಾನೇ ದಾಟಿದೆ ಅಂತ ಬರೀರಿ. ಒಂದ್ ಕಾರಣ ನೀವೇ ಬರದು ಕೊಡ್ರಿ, ನಿಮಗ ಚಂದ ಬರೀಲಿಕ್ಕಿ ಬರ್ತದ."

ಆಗಲಾದರೂ ಹೇಳಬಹುದಿತ್ತು. ನಾನು ಬಿಳಿ ಹಾಳೆ ತೆಗೆದುಕೊಂಡೆ. "ನನ್ನ ಪತ್ನಿಗೆ ಬಿಸಿಲು ತಾಕಬಾರದೆಂಬ ಪ್ರೀತಿಯಿಂದ ನಾನು ಹುಣಸೆಮರದ ನೆರಳಿರುವ ಬದಿಗೆ ದಾಟಿದೆ" ಎಂದು ಬರೆದೆ. ಓದಿ ಹೇಳಿದಾಗ ಅವನ ಕಣ್ಣು ತುಂಬಿತು. ಅವನು ತಲೆಯಾಡಿಸಿದ. ನಾಚಿಕೆಗೇಡಿನ ಸಂಗತಿಯೆಂದರೆ, ಆ ವಾಕ್ಯ ಚೆನ್ನಾಗಿದೆ ಎಂದು ನನಗೂ ಅನಿಸಿತು.

ವಾರದ ಮೇಲೆ ಮತ್ತೆ ಬಂದ. ಹಾಳೆ ನಾಲ್ಕು ಮಡಿಕೆಯಾಗಿ ಅಂಗಿಯ ಕಿಸೆಯಲ್ಲೇ ಇತ್ತು.

"ಓದಿದ್ಳೇನು?" ಎಂದು ಕೇಳಿದೆ.

"ಓದಿದ್ಳರಿ. 'ನೆರಳಿಗಂತ ಅವ್ವನ್ ಕೊಂದಿ' ಅಂದ್ಳು. ಹೋದ್ಳು."

ಅವನು ಅಳುತ್ತಿರಲಿಲ್ಲ. ಬೇರೆ ಯಾವುದಾದರೂ ಕಾರಣ ಬರೆಯಲು ಬರುತ್ತದೆಯೇ, ಇದಕ್ಕಿಂತ ಒಳ್ಳೆಯದು, ಎಂದು ಕೇಳಿದ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಪೆನ್ನಿನ ಕ್ಯಾಪು ಹಾಕಿ, ಎಲ್ಲವನ್ನೂ ಹೇಳಿಬಿಟ್ಟೆ. ಖಾಲಾ ಹೇಳಿದ್ದು, ನಾನು ಬರೆದದ್ದು, ಎಡಗೈ, ಉಲ್ಟಾ, ಚೆಲ್ಲಿದ ಪುಂಡಿಪಲ್ಯ, ಎಲ್ಲ. ಹೊಡೆಯುತ್ತಾನೆ ಎಂದುಕೊಂಡು ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟಿದ್ದೆ.

"ಹಂಗಾದ್ರ ನಾ ಎಡಕ್ಕೇ ಇದ್ದೆ," ಎಂದ. ಮತ್ತೆ, "ಎಡಕ್ಕೇ ಇದ್ದೆ," ಎಂದ. ನನ್ನ ಕನ್ನಡಕ ಅಂಚಿಗೆ ಬಂದದ್ದನ್ನು ನೋಡಿ, ಬೀಳದಂತೆ ಒಳಗೆ ಸರಿಸಿದ.

"ಇಷ್ಟು ಬರದು ಕೊಡ್ರಿ ಸಾಹೇಬ್ರ. ಅಕಿಗಿ ಬಾಯಿಮಾತು ನಡ್ಯಾಂಗಿಲ್ಲ, ಕಾಗದ ಬೇಕು."

"ನಾಳೆ ಬಾ," ಎಂದೆ.

ಅವನು ಮರುದಿನ ಬಂದ. ಆಮೇಲೂ ಎಷ್ಟೋ ಸಲ ಬಂದ. ಕಾರ್ಖಾನೆಯವರೆಗೂ ಅವನು ಈಗ ನಡೆದೇ ಹೋಗುತ್ತಾನೆ, ಸೈಕಲ್ ಮುಟ್ಟುವುದಿಲ್ಲ. ನಡೆಯುವವರು ಎದುರಿನ ಗಾಡಿ ಕಾಣುವಂತೆ ಬಲಕ್ಕೆ ನಡೆಯಬೇಕು ಎಂದು ಅವನಿಗೆ ಯಾರೂ ಹೇಳಿಲ್ಲ. ಹೇಳಿದರೂ ಕೇಳುವವನಲ್ಲ. ಜೀವ ಬಿಗಿಹಿಡಿದು ಎಡಕ್ಕೇ ನಡೆಯುತ್ತಾನೆ, ಲಾರಿಗಳಿಗೆ ಬೆನ್ನು ಕೊಟ್ಟು. ಆ ಕಡೆ ಕೆಲಸವಿದ್ದ ದಿನ ಆ ಬೆನ್ನು ನನಗೆ ಕಾಣುತ್ತದೆ. ಹಾರ್ನ್ ಹೊಡೆಯದೆ ದಾಟಿ ಹೋಗುತ್ತೇನೆ. ಇಷ್ಟೆಲ್ಲ ಆದ ಮೇಲೆ ನಾನು ಕಲಿತದ್ದು ಅಷ್ಟೇ.

ನಾಳೆ ನಾಳೆ ಎಂದು ವರ್ಷ ತಳ್ಳಿ, ಕೊನೆಗೂ ಬರೆದೆ. ಬರೆದದ್ದು ಇದೇ, ನೀವು ಈಗ ಓದುತ್ತಿರುವುದೇ. ಹೋದ ತಿಂಗಳು ಇಲ್ಲಿಯವರೆಗಿನದನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅವನಿಗೆ ಓದಿ ಹೇಳಿದೆ. ಅವನು ಕದಲದೆ ಕೇಳಿದ. ಅವನ ಚಹಾ ಕೆನೆಗಟ್ಟಿತು. ಖಾಲಾಳ ಮಾತು ಬಂದಾಗ, ಇನ್ನೊಮ್ಮೆ ಓದ್ರಿ ಎಂದ. ಓದಿದೆ. ಮುಗಿದ ಮೇಲೆ ಹಾಳೆಗಳನ್ನು ಕೈಗೆ ತೆಗೆದುಕೊಂಡು, ಮೊದಲನೆಯದರ ಮೇಲ್ಭಾಗವನ್ನೂ ಕೊನೆಯದರ ಕೆಳಭಾಗವನ್ನೂ ಬೆರಳಿನಿಂದ ಸವರಿದ.

"ಇದ್ರಾಗ ನನ್ನ ಹೆಸರು ಎಲ್ಲದರಿ?"

"ಹಾಕಿಲ್ಲ."

"ನಿಮ್ಮದು?"

"ಅದೂ ಹಾಕಿಲ್ಲ."

ಅವನು ಹಾಳೆಗಳ ಅಂಚನ್ನು ಬೆಂಚಿಗೆ ತಟ್ಟಿ ಸರಿಮಾಡಿದ.

"ಆ ಕಾಗದದಾಗ ಇಬ್ಬರ ಹೆಸರೂ ಇದ್ದವಲ್ರಿ," ಎಂದ. "ಇದು ಕೊಟ್ರ, ಯಾರದೋ ಕಥಿ ತಂದಿ ಅಂತಾಳ ಅಕಿ."

ಎರಡೂ ಕೈಯಿಂದ, ಮರ್ಯಾದೆಯಾಗಿ, ಹಾಳೆಗಳನ್ನು ನನಗೆ ವಾಪಸು ಕೊಟ್ಟ. ನಾನು ತೆಗೆದುಕೊಂಡೆ. ಪೆನ್ನು ನನ್ನ ಕಿಸೆಯಲ್ಲೇ ಇತ್ತು.