ಕಂಡಕ್ಟರ್ ಸಂಗಣ್ಣ ಹೇಳದೆ ಉಳಿಸಿಕೊಂಡಿದ್ದ ಹೆಸರು

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಈಗ ಯಾರೂ ಕೂಗುವುದಿಲ್ಲ. ಮೇಲೆ ಕಟ್ಟಿರುವ ಸ್ಪೀಕರಿನಲ್ಲಿ ಹೆಣ್ಣುದನಿಯೊಂದು ಬಸ್ಸು ಹೋಗುವ ಊರುಗಳನ್ನು ಹೇಳುತ್ತದೆ. ದನಿ ಇಂಪಾಗಿದೆ, ಇಲ್ಲವೆನ್ನಲಾರೆ. ಆದರೆ ಅದು "ಕುಕನೂರು, ಯಲಬುರ್ಗಾ, ಕುಷ್ಟಗಿ" ಎಂದು ಒಂದೇ ಅಳತೆಯಲ್ಲಿ ಹೇಳಿ ಮುಗಿಸಿದಾಗ, ಆ ಊರುಗಳಿಗೆ ಹೋಗಿ ಏನಾಗಬೇಕಿದೆ ಎನಿಸಿಬಿಡುತ್ತದೆ. ಮೊನ್ನೆ ನೀರಿನ ಬಾಟಲಿ ತರಲು ಹೋದ ಹೆಂಡತಿಯನ್ನು ಕಾಯುತ್ತ ಎರಡು ಚೀಲಗಳ ನಡುವೆ ಕೂತಿದ್ದೆ. ಆ ದನಿ ಕೇಳಿ ನನಗೆ ಸಂಗಣ್ಣನವರ ನೆನಪಾಯಿತು.

ಸಂಗಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರು. ಎಪ್ಪತ್ತರ ದಶಕದ ಕೊನೆಗೆ ನಾನು ನವಲಿಯಿಂದ ಬಂದು ಇಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾದಾಗ ಅವರ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದೆ. ಅವರು ನಿಲ್ದಾಣದಲ್ಲಿ ನಿಂತು "ಕುಷ್ಟಗೀ, ಕುಷ್ಟಗೀ" ಎಂದು ದನಿ ಎತ್ತಿದರೆ ಗಂಗಾವತಿಗೆ ಹೊರಟವರಿಗೂ ಒಂದು ಗಳಿಗೆ ಮನಸ್ಸು ಹೊಯ್ದಾಡುತ್ತಿತ್ತು. ಈ ಮನುಷ್ಯ ಲೇಖಕರೂ ಆಗಿದ್ದರು ಎಂದರೆ ನೀವು ನಗಬಾರದು. ಬಸ್ಸಿನ ನೆನಪುಗಳ ಎರಡು ಪುಸ್ತಕ ಆಗಲೇ ಅಚ್ಚಾಗಿದ್ದವು. ಅದಾದ ಮೇಲೆ ಜನ ಟಿಕೆಟ್ ಕೇಳುವಾಗ "ನಮ್ಮನ್ನೂ ಒಂದೀಟು ಹಾಕ್ರಿ, ಅಣ್ಣಾರ" ಎನ್ನತೊಡಗಿದ್ದರು.

ಕೂತು ಬರೆಯುವುದು ಅವರಿಗೆ ಒಗ್ಗುತ್ತಿರಲಿಲ್ಲ, ಮೊದಲೆರಡನ್ನೂ ಬೇರೆಯವರ ಕೈಯಲ್ಲಿ ಬರೆಸಿದ್ದರು. ಬಾಗಿಲ ಚೌಕಟ್ಟಿಗೆ ಒರಗಿ, ಓಡುವ ಬಸ್ಸಿನಲ್ಲಿ ನಿಂತವರಂತೆ ತುಸು ತೂಗಾಡುತ್ತ ಹೇಳುತ್ತಿದ್ದರು. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಮೂರನೆಯದನ್ನು ನಾನು ಬರೆದುಕೊಳ್ಳುತ್ತಿದ್ದೆ. ಸಂಭಾವನೆ ಒಂದು ತಟ್ಟೆ ಮಿರ್ಚಿ, ಮಂಡಾಳು. ಒಮ್ಮೆ ನನ್ನ ಸಾಹಿತ್ಯ ತಡೆಯಲಾರದೆ ಯಲಬುರ್ಗಾದ ಸಂಜೆಗೆ 'ರಮಣೀಯ' ಎಂಬ ಮಾತು ಸೇರಿಸಿದೆ. ಓದಿಸಿ ಕೇಳಿದ ಸಂಗಣ್ಣ, "ಈ ರಮಣಿ ಯಾರಪ್ಪಾ? ನಮ್ಮ ಬಸ್ಸು ಯಾವಾಗ ಹತ್ತಿದ್ಲು?" ಎಂದರು. ಅಲ್ಲಿಗೆ ನನ್ನ ಸಾಹಿತ್ಯ ಇಳಿದುಹೋಯಿತು.

ಅವರ ಹೆಂಡತಿಯನ್ನು ಓಣಿಯವರೆಲ್ಲ 'ಮಲ್ಲ್ಯಾನ ಅವ್ವ' ಎನ್ನುತ್ತಿದ್ದರು, ನಾನು 'ಅಕ್ಕಾರ' ಎನ್ನುತ್ತಿದ್ದೆ. ಸಂಗಣ್ಣನವರಿಗೆ ಆಕೆ 'ಏ, ಕೇಳಿಸ್ತೇನು'. ಪುಸ್ತಕದಲ್ಲಿ ಆಕೆ 'ನಮ್ಮ ಮನೆಯವರು', ಅದೂ ಬುತ್ತಿ ಕಟ್ಟಿಕೊಟ್ಟಾಗ ಮಾತ್ರ. ನಮ್ಮ ಕಡೆ ಮದುವೆಯಲ್ಲಿ ಒಡಪು ಹೇಳಿಸುತ್ತಾರೆ, ಬಲ್ಲಿರಲ್ಲ. ಪ್ರಾಸದ ಒಂದೆರಡು ಸಾಲಿನೊಳಗೆ ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಸೇರಿಸಿ ಎಲ್ಲರೆದುರು ಹೇಳಬೇಕು. ತಮ್ಮ ಸರದಿ ಬಂದಾಗ ಸಂಗಣ್ಣ, ಎತ್ತು ಬಿಚ್ಚಿಕೊಂಡವು ಎಂದು ಹೇಳಿ ಹಂದರದಿಂದ ಓಡಿಹೋಗಿದ್ದರಂತೆ. ಅಕ್ಕ ಅದನ್ನು ಮರೆತಿರಲಿಲ್ಲ.

"ಇರಕಲ್ಲಗಡದ ಮುದುಕಿ ಬಸ್ಸಿನ್ಯಾಗ ತಂದ ಕೋಳಿ ಮ್ಯಾಲೆ ಎರಡು ಪುಟ ಬರ್ಸ್ಯಾರ. ಅದಕ್ಕೂ ಒಂದು ಹೆಸರೈತಿ. ನಾ ಆ ಕೋಳಿಗಿಂತ ಕಡಿಮಿ ಆದ್ನೇನು?" ಎಂದು ನನ್ನೆದುರೇ ಕೇಳುತ್ತಿದ್ದರು. ಸಂಗಣ್ಣ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದರು.

ಆ ಬೀಡಿಯೇ ಕೊನೆಗೆ ಗಂಟಲಿಗೆ ಕೂತಿತು. ಎಂಬತ್ತರ ಆಚೀಚೆ ದನಿ ಒಡೆಯಿತು. ಹುಬ್ಬಳ್ಳಿಯ ಡಾಕ್ಟರು ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ, ತಡಮಾಡಿದರೆ ಎರಡೂ ಇಲ್ಲ ಎಂದು ಬಿಡಿಸಿ ಹೇಳಿದರು. ಸಂಗಣ್ಣ ಊರಿಗೆ ಬಂದು, ಮೂರನೆಯ ಪುಸ್ತಕ ಹೇಳಿ ಮುಗಿಸಿ ಹೋಗುತ್ತೇನೆ ಎಂದರು. ನಾನು ಪೆನ್ನಿಗೆ ಶಾಯಿ ತುಂಬಿಕೊಂಡು ಕೂತೆ.

ಪುಸ್ತಕ ಮುಗಿಯಲಿಲ್ಲ. ದಿನಕ್ಕೊಂದು ಹೊಸ ಡ್ರೈವರು, ಹೊಸ ಪಂಕ್ಚರು. ರೈಲ್ವೆ ಗೇಟು ಬಿದ್ದು ಬಸ್ಸು ನಿಂತ ಒಂದು ಮಧ್ಯಾಹ್ನವನ್ನೇ ಮೂರು ಸಂಜೆ ಹೇಳಿದರು. ದನಿ ದಿನದಿನಕ್ಕೆ ತಗ್ಗುತ್ತಿತ್ತು, ನಾನು ಹತ್ತಿರ ಹತ್ತಿರ ಸರಿದು ಕೂರುತ್ತಿದ್ದೆ. ಅಪರೂಪದ ಸಾಹಿತ್ಯ ಸಿಗುತ್ತಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಮನುಷ್ಯ ಹೆದರಿದ್ದಾರೆ ಎಂಬುದು ನನ್ನ ದುಂಡು ಅಕ್ಷರದ ತಲೆಗೆ ಹೊಳೆದಿರಲಿಲ್ಲ. ಒಂದು ಸಂಜೆ ಅವರೇ ಅಂದರು:

"ಬಾಯಿಲ್ಲದ ಕಂಡಕ್ಟರ್ ಅಂದ್ರ ಏನು ಹೇಳಪ್ಪಾ? ಬರೇ ಪ್ಯಾಸೆಂಜರ್. ಅದಕ್ಕ ಅಂಜಿಕಿ ಆಗೇತಿ."

ನಾನು ಪೆನ್ನು ಮುಚ್ಚಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಇನ್ನೇನೇನು ಹೇಳೂದು ಉಳದೈತ್ರಿ?"

"ಭಾಳ ಐತಿ," ಎಂದರು ಸಂಗಣ್ಣ.

"ಭಾಳ ಇಲ್ಲ. ಒಂದ ಐತಿ. ನನ್ನ ಹೆಸರು. ಇದ್ದ ದನಿಯಾಗ ಅದನ್ನ ಹೇಳ್ರಿ, ನಾಳೆ ಮುಂಜಾನೆ ಹುಬ್ಬಳ್ಳಿ ಗಾಡಿಗೆ ನಡೀರಿ. ಉಳಿದದ್ದು ಕೈಲೆ ಬರೀರಿ. ಕೈಗೇನಾಗೇತಿ?"

ಸಂಗಣ್ಣ ನನ್ನ ಮುಖ ನೋಡಿದರು. ಎತ್ತು ಬಿಚ್ಚಿಕೊಂಡವು ಎನ್ನಲು ಮನೆಯಲ್ಲಿ ಎತ್ತಿರಲಿಲ್ಲ. ಎದ್ದು ಕಟ್ಟೆಯ ಮೇಲೆ ಹೋಗಿ ನಿಂತರು. ಓಣಿಯ ಮಂದಿ ಇನ್ನೂ ಹೊರಗೆ ಕೂತಿದ್ದ ಹೊತ್ತು. ಉಳಿದಿದ್ದ ದನಿಯನ್ನೆಲ್ಲ ಒಟ್ಟು ಮಾಡಿ, ನಿಲ್ದಾಣದಲ್ಲಿ ಕೂಗುವಂತೆಯೇ ಕೂಗಿದರು:

"ಯಲಬುರ್ಗಾದಾಗ ಇಳಿಯೋರು ಇಳೀರಿ, ಕುಷ್ಟಗಿಗೆ ಹೋಗೋರು ಹತ್ರಿ,
ನಮ್ಮ ನೀಲವ್ವ ಕುಂತ ಸೀಟು ಮಾತ್ರ ಯಾರೂ ಕೇಳಬ್ಯಾಡ್ರಿ."

ಅಕ್ಕನ ಹೆಸರು ನೀಲವ್ವ ಎಂದು ನನಗೂ ತಿಳಿದದ್ದು ಆಗಲೇ. ಓಣಿಯ ಹೆಂಗಸರು ನಕ್ಕ ನಗು ಆ ಬದಿಯ ಗುಡಿಯವರೆಗೂ ಕೇಳಿರಬೇಕು. ಅಕ್ಕ ನಗಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು, ಹಿಟ್ಟನ್ನು ಮುಖಕ್ಕೆಲ್ಲ ಬಳಿದುಕೊಂಡು, "ಇಷ್ಟಕ್ಕ ಇಪ್ಪತ್ತೈದು ವರ್ಷ ಬೇಕಾತೇನ್ರಿ?" ಎಂದು ಒಳಗೆ ಹೋಗಿ ಚೀಲ ತುಂಬತೊಡಗಿದರು.

ಸಂಗಣ್ಣ ಬದುಕಿದರು. ಕುತ್ತಿಗೆಯ ತೂತಿನಲ್ಲಿ ಉಸಿರಾಡುತ್ತ ಹತ್ತು ವರ್ಷಕ್ಕೂ ಮಿಕ್ಕಿ ಇದ್ದರು. ಚೌಕಟ್ಟಿಗೆ ಎರಡು ಸಲ ಬಡಿದರೆ ಚಹಾ, ಒಂದು ಸಲ ಬಡಿದರೆ 'ಸಾಕು'. ಮೂರನೆಯ ಪುಸ್ತಕವನ್ನು ತಾವೇ ಬರೆದರು, ನನ್ನ ಕೆಲಸ ಹೋಯಿತು. ಗದಗಿನಲ್ಲಿ ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಅದನ್ನು ಅಚ್ಚಿಗೆ ಜೋಡಿಸಿದವನು, "ಎಲ್ಲಾ ಪುಟದಾಗೂ ನೀಲವ್ವ, ನೀಲವ್ವ. ವಕಾರದ ಒತ್ತಿನ ಮೊಳಿ ಸಾಲವಲ್ವು" ಎಂದು ಗೊಣಗಿದ. ಮೂರರಲ್ಲಿ ಅದೇ ಒಳ್ಳೆಯ ಪುಸ್ತಕ. ನನ್ನ ದುಂಡಕ್ಷರ ಇಲ್ಲದಿದ್ದರೂ ಈ ಮಾತು ಒಪ್ಪಿಕೊಳ್ಳುತ್ತೇನೆ.

ಇಷ್ಟು ನೆನೆಯುವಷ್ಟರಲ್ಲಿ ನಮ್ಮ ಬಸ್ಸು ಬಂದು ನಿಂತಿತು. ನನ್ನ ಹೆಂಡತಿ ಎರಡು ಬಾಟಲಿ ಹಿಡಿದು, ನಿಲ್ದಾಣದ ಆ ತುದಿಯಲ್ಲಿ, ಬೇರೆ ಯಾವುದೋ ಬಸ್ಸಿನ ಬೋರ್ಡು ಓದುತ್ತ ನಿಂತಿದ್ದಳು. "ಏ" ಎಂದೆ. ಆ ಗದ್ದಲದಲ್ಲಿ ಯಾವ 'ಏ' ಯಾರಿಗೆ ಕೇಳೀತು? ಚೀಲಗಳನ್ನು ಬಿಟ್ಟು ಎದ್ದು ನಿಂತು, ಹಿಂದೆ ಮುಂದೆ ನೋಡಿ, "ಲಕ್ಷ್ಮೀ" ಎಂದು ಕೂಗಿದೆ.

ಮೂವರು ಹೆಂಗಸರು ತಿರುಗಿ ನೋಡಿದರು. ಅವರಲ್ಲಿ ನನ್ನ ಹೆಂಡತಿ ಇರಲಿಲ್ಲ. ಅವಳು ಇನ್ನೂ ಬೋರ್ಡು ಓದುತ್ತಿದ್ದಳು. ಆ ದನಿಯಲ್ಲಿ ಆ ಹೆಸರು ತನ್ನದೆಂದು ಅವಳಿಗೆ ಹೊಳೆಯಲೇ ಇಲ್ಲ. ನಾನು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೂಗಿದೆ.